ಪಕ್ಕದವಳ ಭತ್ತದ ಕೋಣೆ

ಮಗ್ಗೆಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆಚೆ ಕಡೆ ಪಕ್ಕದವಳ ಭತ್ತದ ಕೋಣೆ. ಸುಗ್ಗಿ ಮುಗಿದ ಮೇಲೆ ಆ ಕೋಣೆಗೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೊಸ ಭತ್ತ ಐತೆ ಕಣಕ್ಕ, ಹೊರಗಿನೋರು ಬರಂಗಿಲ್ಲ" ಅನ್ನುವಳು. ಸ್ವಂತ ಅಳಿಯನಿಗೂ ಅದೇ ಮಾತು.

ನನ್ನ ಮಗಳು ಹೆತ್ತಳು. ಮೊದಲ ಮೊಮ್ಮಗಳು; ಆ ಸಂತೋಷದಲ್ಲಿ ನನಗೆ ಊಟವೂ ನೆನಪಾಗುತ್ತಿರಲಿಲ್ಲ. ಆದರೆ ಬಾಣಂತಿ ಕೋಣೆಯಲ್ಲಿ ಆ ಗೋಡೆ ತಣ್ಣಗೆ ಕೊರೆಯುತ್ತಿತ್ತು. ಕೋಣೆ ಬೆಚ್ಚಗಾಗದಿದ್ದರೆ ತಾಯಿ ಮಗುವನ್ನು ತಮ್ಮೂರಿಗೇ ಕರೆದುಕೊಂಡು ಹೋಗುತ್ತೇವೆ ಎಂದು ಬೀಗಿತ್ತಿ ಹೇಳಿಬಿಟ್ಟರು. ನಮ್ಮ ಕಡೆ ಗೋಡೆಗೆ ಹಲಗೆ ಹೊಡೆಸಿದರೆ ತೊಟ್ಟಿಲಿಗೆ ಜಾಗವಿಲ್ಲ. ಆಚೆ ಕಡೆಯಿಂದ ಹೊಡೆಸೋಣವೆಂದು ಬಡಗಿಯನ್ನು ಕರೆದುಕೊಂಡು ಹೋದೆ. ಅವಳು ಬಾಗಿಲಿಗೆ ಅಡ್ಡ ನಿಂತು ಅದೇ ಮಾತು ಹೇಳಿದಳು.

"ಕೂಸಿಗೆ ಕಣೇ," ಎಂದೆ.

"ಕೇಳಿಸ್ತು," ಎಂದು ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನವೆಲ್ಲ ಗೋಡೆಯಾಚೆ ದಡಬಡ ಸದ್ದು. ಸಂಜೆ ಅವಳು ತಲೆತುಂಬ ಧೂಳು ಮೆತ್ತಿಕೊಂಡು ಬಂದು, "ಮೂಟೆನೆಲ್ಲ ನಿನ್ ಗೋಡೆಗೇ ಒಟ್ಟಿವ್ನಿ, ಸೂರು ಮುಟ್ಟೋಗಂಟ. ನಿನ್ ಬಡಗಿಗೆ ಬೇರೆ ಕೆಲ್ಸ ನೋಡ್ಕೊಳ್ಳಕ್ಕೇಳು," ಎಂದಳು.

ಮಾರನೆಯ ಬೆಳಿಗ್ಗೆ ಕೊರೆತ ನಿಂತಿತ್ತು. ಬೀಗಿತ್ತಿಯೂ ಗೋಡೆ ಮುಟ್ಟಿ ನೋಡಿ, ಕರೆದುಕೊಂಡು ಹೋಗುವ ಮಾತು ಬಿಟ್ಟರು.

ಬಾಣಂತನ ಮುಗಿಯುವವರೆಗೂ ಪಕ್ಕದವಳು ಅಂಗಡಿಯಿಂದಲೇ ಅಕ್ಕಿ ತಂದಳು. "ನಿನ್ ಭತ್ತ ಮಿಲ್ಲಿಗೆ ಹಾಕ್ಸಲ್ವೇನೇ?" ಎಂದು ನಡುವೆ ಒಂದು ದಿನ ಕೇಳಿದೆ.

"ಹಾಕ್ಸಾನ ತಗೊ. ಕೂಸು ಇನ್ನೂ ಇಲ್ಲೇ ಐತಲ್ಲ," ಎಂದಳು.