ಹೊಸಿಲಿನವರೆಗೆ ಬಂದ ಮೇಷ್ಟ್ರು

ಸಸ್ಯಶಾಸ್ತ್ರವನ್ನು ಪಾಠ ಮಾಡಿದವರು ಹಲವರಿದ್ದಾರೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಯ ಜೊತೆ ಬೀದಿಗಿಳಿದು, ಆ ಪಾಠ ಎಲ್ಲಿ ಕೆಲಸಕ್ಕೆ ಬರುತ್ತದೆಂದು ತೋರಿಸಿದವರು ವಿರಳ. ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು ಆ ವಿರಳರಲ್ಲೊಬ್ಬರು. ಕೊನೆಯ ವರ್ಷದ ಇಂಟರ್ನ್‌ಶಿಪ್ ಕಡ್ಡಾಯವಾಗುವುದಕ್ಕೆ ಬಹಳ ಮೊದಲೇ ಅವರು ವಿದ್ಯಾರ್ಥಿಗಳನ್ನು ನರ್ಸರಿಗಳಿಗೆ, ಔಷಧ ಕಾರ್ಖಾನೆಗಳಿಗೆ, ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದರು. ಮೊದಲ ದಿನ ಪ್ರತಿಯೊಬ್ಬರ ಜೊತೆ ತಾವೇ ನಡೆದುಹೋಗಿ, ಕೆಲಸದ ಜಾಗದ ಹೊಸಿಲು ಬಂದೊಡನೆ ನಿಂತು, "ಇನ್ನು ನೀನುಂಟು, ನಿನ್ನ ಕೆಲಸವುಂಟು" ಎಂದು ಹಿಂದಿರುಗುವುದು ಅವರ ಪದ್ಧತಿ. ಎಷ್ಟು ಕರೆದರೂ ಒಳಗೆ ಕಾಲಿಡುತ್ತಿರಲಿಲ್ಲ. ಹೀಗಾಗಿ "ಹೊಸಿಲು ಮೇಷ್ಟ್ರು" ಎಂಬ ಅಡ್ಡಹೆಸರು ಬಿತ್ತು. ಅದು ಅವರ ಕಿವಿಗೂ ಬಿದ್ದಿತ್ತು, ಕೋಪಿಸಿಕೊಂಡವರಲ್ಲ.

ಆರು ವರ್ಷಗಳ ಹಿಂದೆ ಅವರ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹಾಜರಿ ಕರೆದಾಗ ಕೈಯೆತ್ತುವಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. "ಇವಳಿಗಿಂತ ನಮ್ಮನೆ ಗೋಡೆ ಗಡಿಯಾರನೇ ವಾಚಾಳಿ" ಎಂದು ಅವಳ ಅಕ್ಕ ಅಣಕಿಸುತ್ತಿದ್ದಳು. ಹೇಳಲಾಗದ್ದನ್ನೆಲ್ಲ ದಿನಚರಿಗೆ ಸುರಿಯುವುದು ಹುಡುಗಿಯ ಅಭ್ಯಾಸ. ನಾಲ್ಕು ಸಂದರ್ಶನಗಳಲ್ಲಿ ತುಟಿ ಬಿಚ್ಚದೆ ಎದ್ದು ಬಂದ ಮೇಲೆ, ಇಂಟರ್ನ್‌ಶಿಪ್ ಇಲ್ಲದೆ ಪದವಿಯೇ ಕೈತಪ್ಪುವ ಹೊತ್ತಿನಲ್ಲಿ, ಅವಳು ಅರ್ಜಿ ಹಿಡಿದು ಮೇಷ್ಟ್ರ ಮೇಜಿನ ಮುಂದೆ ನಿಂತಳು.

ಅವರು ಪೆನ್ನು ತೆಗೆದು ಅರ್ಜಿಯಲ್ಲಿದ್ದ ಶ್ರದ್ಧೆ, ಪರಿಶ್ರಮ, ಉತ್ಸಾಹ ಎಂಬ ಮೂರನ್ನೂ ಹೊಡೆದುಹಾಕಿದರು.

"ನೀನು ಎಂಥವಳು ಅಂತ ಅವರೇ ನೋಡ್ಕೋತಾರೆ ಬಿಡು. ನಿನಗೇನು ಬರುತ್ತೆ, ಅದನ್ನ ಬರಿ."

"ಬಿಡದೆ ನೋಡ್ತೀನಿ ಸರ್. ನೋಡಿದ್ದನ್ನ ಬರೀತೀನಿ, ಚಿತ್ರ ಹಾಕ್ತೀನಿ."

"ಸಾಕಲ್ಲ! ಅದು ಯಾರಿಗೆ ಬೇಕು ಅಂತ ಹುಡುಕೋಣ."

ಹುಡುಕಿದಾಗ ಸಿಕ್ಕಿದ್ದು ಬೀಜ ಪರೀಕ್ಷೆಯ ಪ್ರಯೋಗಾಲಯ. ತಟ್ಟೆಯ ಒದ್ದೆ ಕಾಗದದ ಮೇಲೆ ನೂರು ಬೀಜ ಜೋಡಿಸಿ, ಎಂಟನೆಯ ದಿನ ಎಷ್ಟು ಮೊಳೆತವೆಂದು ಎಣಿಸಿ ಬರೆಯುವುದು ಅಲ್ಲಿನ ಕೆಲಸ. ಆ ಎಣಿಕೆಯನ್ನು ನಂಬಿ ಚೀಲಕ್ಕೆ ಚೀಟಿ ಅಂಟುತ್ತದೆ. ಚೀಟಿಯನ್ನು ನಂಬಿ ಬಿತ್ತುವವರು ಬಿತ್ತುತ್ತಾರೆ. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ "ದೊಡ್ಡಮ್ಮ" ಎನ್ನುತ್ತಿದ್ದರು, ಎದುರಿಗಲ್ಲ.

ಕೆಲವು ಮೊಳಕೆಗಳು ಸೊಟ್ಟಗೆ, ಬೇರಿಲ್ಲದೆ ಬಂದಿದ್ದವು. ಅವನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ? ಕೇಳಿದ್ದರೆ ಎರಡು ಮಾತು. ಅವಳು ಕೇಳಲಿಲ್ಲ. ಹುಡುಗಿ ಸೇರಿಸಿಯೇ ಎಣಿಸಿದಳು. ಮೂರನೆಯ ವಾರ, ಪಕ್ಕದ ಮೇಜಿನವರು ಸೊಟ್ಟ ಮೊಳಕೆಗಳನ್ನು ಆರಿಸಿ ಬೇರೆ ಇಡುವುದನ್ನು ಕಂಡಾಗ ಅವಳಿಗೆ ತನ್ನ ತಪ್ಪು ತಿಳಿಯಿತು. ಅಷ್ಟರಲ್ಲಿ ಹದಿನಾಲ್ಕು ತಟ್ಟೆಗಳ ಎಣಿಕೆ ಮುಗಿದಿತ್ತು. ವರದಿಗಳು ಮರುದಿನ ರುಜುವಿಗೆ ಹೋಗುವುದಿತ್ತು.

ಆ ಸಂಜೆಯೇ ಮೇಷ್ಟ್ರ ಬಳಿಗೆ ಓಡಿದಳು. "ನೀವೇ ಹೇಳ್ಬಿಡಿ ಸರ್. ನಾನು ಹೇಳಿದ್ರೆ ತೆಗೆದುಹಾಕ್ತಾರೆ."

"ತೆಗೀಬಹುದು" ಎಂದರು ಮೇಷ್ಟ್ರು; ಸುಳ್ಳು ಸಮಾಧಾನ ಅವರಿಗೆ ಬಾರದು. "ಆದ್ರೆ ಎಣಿಸಿದ್ದು ನೀನಲ್ವಾ?"

ಮರುದಿನ ತಮ್ಮ ತರಗತಿಯನ್ನು ಸಹೋದ್ಯೋಗಿಗೆ ಒಪ್ಪಿಸಿ, ಯಾರಿಗಾಗಿಯೂ ಎರಡನೆಯ ಸಲ ಬಾರದ ಅವರು ಮತ್ತೆ ಹೊಸಿಲಿನವರೆಗೆ ಬಂದರು. ಈ ಸಲ ಹಿಂದಿರುಗಲಿಲ್ಲ.

"ನಾನು ಇಲ್ಲೇ ಇರ್ತೀನಿ. ಹೋಗಿ ಹೇಳಿ ಬಾ."

ಅವಳು ಒಳಗೆ ಹೋಗಿ ಹೇಳಿದಳು.

"ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?" ದೊಡ್ಡಮ್ಮನ ದನಿ ಕಿಟಕಿ ದಾಟಿ ಹೊರಗೂ ಕೇಳಿಸಿತು. "ಒಂದು ಮಾತು ಕೇಳಿದ್ರೆ ಮುತ್ತು ಉದುರಿಹೋಗ್ತಿತ್ತಾ?"

ಹುಡುಗಿ ಉತ್ತರವಾಗಿ ದಿನಚರಿಯನ್ನು ಮೇಜಿನ ಮೇಲಿಟ್ಟಳು. ಒಂದೊಂದು ತಟ್ಟೆಗೆ ಒಂದೊಂದು ಪುಟ. ಪ್ರತಿ ಸೊಟ್ಟ ಮೊಳಕೆಯೂ ಇದ್ದ ಜಾಗದಲ್ಲೇ, ಇದ್ದ ಹಾಗೇ ಚಿತ್ರವಾಗಿ ಮೂಡಿತ್ತು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಪುಟ ತಿರುವುತ್ತ ಹೋದರು. ಹನ್ನೊಂದು ತಟ್ಟೆಗಳ ಲೆಕ್ಕವನ್ನು ಅದರಿಂದಲೇ ತಿದ್ದಬಹುದಾಗಿತ್ತು. ಉಳಿದ ಮೂರರ ಚಿತ್ರ ಅರ್ಧಕ್ಕೇ ನಿಂತಿತ್ತು.

"ಇಷ್ಟು ನೋಡಿದವಳು ಕೇಳೋದನ್ನ ಮಾತ್ರ ಬಿಟ್ಯಲ್ಲೇ! ಇವತ್ತಿಂದ ದಿನಕ್ಕೊಂದು ಪ್ರಶ್ನೆ ಕೇಳದೆ ಮನೆಗೆ ಹೋಗೋ ಹಾಗಿಲ್ಲ."

ಅವಳು ಹೊರಗೆ ಬಂದಾಗ ಬಿಸಿಲು ಸರಿದಿತ್ತು. ಅದರ ಜೊತೆ ಮೇಷ್ಟ್ರೂ ಬಾಗಿಲ ಈ ಬದಿಯಿಂದ ಆ ಬದಿಗೆ ಸರಿದು ನಿಂತಿದ್ದರು.

"ಮೂರು ತಟ್ಟೆ ಮತ್ತೆ ಬಿತ್ತಬೇಕು ಸರ್."

"ಬಿತ್ತು ಹೋಗು" ಎಂದರು. ಅಷ್ಟೇ.

ಆ ಹುಡುಗಿ ಈಗ ಅಲ್ಲೇ ಉದ್ಯೋಗಿ. ಹೊಸಬರಿಗೆ ಎಣಿಕೆ ಕಲಿಸುವವಳೂ ಅವಳೇ. ಕಳೆದ ವಾರ ಮೇಷ್ಟ್ರು ತಮ್ಮ ಸೇವೆಯ ಕೊನೆಯ ವಿದ್ಯಾರ್ಥಿನಿಯನ್ನು ಕರೆತಂದು ಎಂದಿನಂತೆ ಹೊಸಿಲಲ್ಲಿ ನಿಂತರು.

"ಒಳಗೆ ಬನ್ನಿ ಸರ್."

"ನನ್ನ ಕೆಲಸ ಇಲ್ಲಿವರೆಗೇ ಕಣಮ್ಮ."

"ಆ ಕೆಲಸ ಈ ತಿಂಗಳಿಗೆ ಮುಗೀತಲ್ಲ. ಆಮೇಲೆ ನಮ್ಮಲ್ಲಿ ಇಂಟರ್ನ್‌ಶಿಪ್‌ಗೆ ಬನ್ನಿ. ಅರ್ಜಿ ಬರೆದುಕೊಡಿ, ನಿಮಗೇನು ಬರುತ್ತೆ ಅಂತ."

ಮೇಷ್ಟ್ರು ನಕ್ಕರು. "ಪಾಠ ಬಿಟ್ರೆ ನನಗೇನಮ್ಮ ಬರುತ್ತೆ?"

"ಕಾಯೋಕೆ ಬರುತ್ತೆ ಸರ್. ನಮ್ಮಲ್ಲಿ ಅದೇ ಅರ್ಧ ಕೆಲಸ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ತುಂಬು ಆಯುಸ್ಸೂ ದಣಿಯದ ಕಾಲುಗಳೂ ಇರಲಿ. ತಮಗೇನು ಬರುತ್ತದೆಂದು ತಿಳಿಯದೆ ತಡವರಿಸುವ ಮಕ್ಕಳು ಇನ್ನೂ ಬಹುಕಾಲ ಅವರ ಮನೆಯ ಬಾಗಿಲು ತಟ್ಟಲಿ. ಮೊಳಕೆಯ ಮೇಜಿನ ಪಕ್ಕದಲ್ಲಿ ಅವರಿಗೆಂದು ಒಂದು ಸ್ಟೂಲು ಇಟ್ಟಾಗಿದೆ. ಅವರು ಬಂದು ಕೂರುವವರೆಗೆ ಆ ಹುಡುಗಿ, ಅವರಿಂದಲೇ ಕಲಿತ ಹಾಗೆ, ಹೊಸಿಲಲ್ಲಿ ನಿಂತು ಕಾಯುತ್ತಾಳೆ.