ಕೊಮೆನ್: ಬರುವುದೋ ಹೋಗುವುದೋ

ನನಗೆ ಜರ್ಮನ್ ಬರುವುದಿಲ್ಲ. ಆದರೂ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಆ ಭಾಷೆಯ ಪಂಡಿತ ನಾನೇ. ಪಕ್ಕದ ಮನೆಯ ಶಾಹೀನ್ ಹುಮನಾಬಾದಿನ ಆಸ್ಪತ್ರೆಯಲ್ಲಿ ನರ್ಸ್. ಜರ್ಮನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಸಂದರ್ಶನವೂ ಜರ್ಮನ್ನಿನಲ್ಲೇ. "ನೀವು ಸಂಸ್ಕೃತ ಮಾಸ್ತರ್ ಇದ್ರಿ, ಸರ್. ವ್ಯಾಕರಣ ಎಲ್ಲಾ ಕಡಿ ಒಂದೇ ಅಲ್ರಿ? ತಪ್ಪಿದ್ರ ಹಿಡೀರಿ," ಎಂದು ಪುಸ್ತಕ ಕೈಗಿಟ್ಟಳು. ಹೊಗಳಿಕೆಗೆ ಉಬ್ಬುವುದು ನಿವೃತ್ತ ಮಾಸ್ತರರ ಕುಲಧರ್ಮ. ಒಪ್ಪಿದೆ.

ಮೊದಲ ಕ್ರಿಯಾಪದ ಕೊಮೆನ್, ಅಂದರೆ ಬರುವುದು. 'ಇಶ್ ಕೊಮ್ಮ' ಎಂದರೆ ನಾನು ಬರುತ್ತೇನೆ, 'ಡು ಕೊಮ್‌ಸ್ಟ್' ಎಂದರೆ ನೀನು ಬರುತ್ತೀ. 'ಗಚ್ಛತಿ, ಗಚ್ಛತಃ, ಗಚ್ಛಂತಿ' ಎಂದು ತಲೆಮಾರುಗಟ್ಟಲೆ ಹುಡುಗರ ಪ್ರಾಣ ತಿಂದವನಿಗೆ ಇದೇನು ಮಹಾ! ಭೂತಕಾಲದಲ್ಲಿ ಮಾತ್ರ ತೊಡಕಾಯಿತು. 'ಬಂದೆ' ಎನ್ನಲು 'ಕಾಮ್' ಎನ್ನಬೇಕು. ಉರ್ದು ಕಿವಿಗೆ ಕಾಮ್ ಎಂದರೆ ಕೆಲಸ. ಶಾಹೀನ್ ಅಂಗಳದಲ್ಲಿ 'ಕಾಮ್, ಕಾಮ್' ಎಂದು ಉರುಹೊಡೆಯುತ್ತಿದ್ದರೆ ಅವಳ ಅಮ್ಮಿ ಒಳಗಿಂದ, ನನಗೂ ಕೇಳಲಿ ಎಂದು ಕನ್ನಡದಲ್ಲೇ ಕೂಗಿದರು: "ಬಾಯಿಲೆ ಕಾಮ್ ಕಾಮ್ ಅಂದ್ರ ಆಗಂಗಿಲ್ಲ, ಕೈಲೆ ಮಾಡು! ರೊಟ್ಟಿ ಯಾರ್ ಬಡೀತಾರ?"

ನಾನು ನಿಘಂಟು ಕೆದಕಿದೆ. ಕೊಮೆನ್ ನಮ್ಮ 'ಗಮ್' ಧಾತುವಿನ ಒಡಹುಟ್ಟು! ಗಮ್ ಎಂದರೆ ಹೋಗುವುದು. ಬರಬೇಕಾದರೆ ನಾವು ಮುಂದೊಂದು 'ಆ' ಹಚ್ಚಿ 'ಆಗಮನ' ಮಾಡಿಕೊಳ್ಳಬೇಕು. ಜರ್ಮನರಿಗೆ ಆ ಖರ್ಚಿಲ್ಲ. ಇದರಲ್ಲಿ ನಮಗೆ ಆಶ್ಚರ್ಯವೇನು? ಹೊಸ್ತಿಲು ದಾಟುವಾಗ 'ಹೋಗ್ತೀನಿ' ಎಂದರೆ ಅಪಶಕುನವೆಂದು 'ಬರ್ತೀನ್ರಿ' ಎನ್ನುತ್ತಲೇ ಹೋಗುವ ಜನ ನಾವು. ಶಾಹೀನಳ ಮನೆಯಲ್ಲೂ 'ಜಾಕೆ ಆತೂಂ', ಹೋಗಿ ಬರ್ತೀನಿ ಎಂದೇ. ಇದನ್ನೆಲ್ಲ ಅವಳಿಗೆ ರಸವತ್ತಾಗಿ ವಿವರಿಸಿದೆ. ಎಡವಟ್ಟಾಗಿದ್ದೇ ಅಲ್ಲಿ.

ಸಂದರ್ಶನ ನಮ್ಮ ಪಡಸಾಲೆಯಲ್ಲಿ, ಮೊಬೈಲಿನಲ್ಲಿ ನಡೆಯಿತು. ಮಗಳನ್ನು ಅಷ್ಟು ದೂರ ಕಳಿಸಲು ಇನ್ನೂ ಹೂಂ ಅನ್ನದ ಅಮ್ಮಿ ಬಾಗಿಲ ಬಳಿ ಕೂತಿದ್ದರು. ಎಲ್ಲ ಪ್ರಶ್ನೆಗಳನ್ನೂ ಚೆನ್ನಾಗಿ ನಿಭಾಯಿಸಿದ ಶಾಹೀನ್ ಕೊನೆಗೆ, ವಿದಾಯ ಹೇಳಬೇಕಾದ ಕಡೆ, ತಲೆ ಬಾಗಿಸಿ "ಇಶ್ ಕೊಮ್ಮ" ಎಂದುಬಿಟ್ಟಳು. ಬರ್ತೀನ್ರಿ!

ಆ ಕಡೆಯ ಹೆಂಗಸು ತಬ್ಬಿಬ್ಬಾಗಿ, "ವನ್?" ಎಂದಳು. ನನ್ನ ಪಾಂಡಿತ್ಯ ಹುಡುಗಿಯ ನೌಕರಿಗೇ ಕುತ್ತು ತಂದಿತಲ್ಲ!

"ಏನ್ ಕೇಳಾಕತ್ತಾಳ ಅಕಿ?" ಎಂದರು ಅಮ್ಮಿ.

"ಯಾವಾಗ ಬರ್ತಿ ಅಂತ ಕೇಳಾಕತ್ತಾರ, ಅಮ್ಮೀ."

ಅಮ್ಮಿ ಎದ್ದು ಮೊಬೈಲಿನ ಮುಂದೆಯೇ ಬಂದು ನಿಂತರು. "ಅಕಿಗಿ ಹಿಂದಾಗಡಿ ಹೇಳು. ಮೊದಲ ನನಗ ಹೇಳು. ಯಾವಾಗ ಬರ್ತಿ?"

ಶಾಹೀನ್ ಅಳುತ್ತ ನಗುತ್ತ ತಾಯಿಯ ಮಾತನ್ನು ಜರ್ಮನ್ನಿಗೆ ತಿರುಗಿಸಿದಳು. ಆ ಹೆಂಗಸು ಮನಸಾರೆ ನಕ್ಕಳು; ಕೆಲಸ ಸಿಕ್ಕಿತು. ವರ್ಷಕ್ಕೊಮ್ಮೆ ಊರಿಗೆ ಬರಬೇಕೆಂಬ ಷರತ್ತಿನ ಮೇಲೆ ಅಮ್ಮಿಯೂ ಹೂಂ ಅಂದರು.

ಈಗ ಪ್ರತಿ ಶುಕ್ರವಾರ ಜರ್ಮನಿಯಿಂದ ಅವಳ ಫೋನು ಬರುತ್ತದೆ. ಅಮ್ಮಿ ಸಲಾಮಿಗೂ ಕಾಯದೆ, ತಾವು ಕಲಿತ ಒಂದೇ ಒಂದು ಜರ್ಮನ್ ಶಬ್ದ ಕೇಳುತ್ತಾರೆ: "ವನ್?"