ನರಕವಿಲ್ಲದ ವರ್ನಾ

ವರ್ಜೀನಿಯಾದ ಕಲ್ಲಿದ್ದಲ ಬೆಟ್ಟಗಳ ನಡುವಿನ ನಮ್ಮ ಕಣಿವೆಯಲ್ಲಿ ವರ್ನಾ ಸ್ಟಿಲ್ಟ್ನರ್ ಸೇರಿದ್ದ ಪುಟ್ಟ ಕ್ರೈಸ್ತ ಸಭೆಗೆ ‘ನರಕವಿಲ್ಲದವರು’ ಎಂದೇ ಅಡ್ಡಹೆಸರು. ಕ್ರಿಸ್ತ ಸತ್ತದ್ದು ಎಲ್ಲರಿಗಾಗಿ, ಹಾಗಾಗಿ ಕೊನೆಗೆ ಒಬ್ಬನೂ ಹೊರಗುಳಿಯುವುದಿಲ್ಲ. ನರಕವೇನಿದ್ದರೂ ಬದುಕಿರುವಾಗಲೇ ಅನುಭವಿಸಿ ಮುಗಿಸುವಂಥದ್ದು ಎಂದು ಅವರ ನಂಬಿಕೆ. ಉಳಿದ ಸಭೆಗಳವರಿಗೆ ಇದು ನಗೆಪಾಟಲು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಹಳ್ಳದಾಚೆಯ ಮುದುಕಿ ಹೆಸ್ಸಿ ಕೀನ್. ನಂಟಿಲ್ಲದಿದ್ದರೂ ವರ್ನಾ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದಳು.

“ಏನೇ ವರ್ನಾ, ಕಳ್ರಿಗೂ ಕುಡುಕ್ರಿಗೂ ಒಂದೇ ಪಂಕ್ತೀನಾ ನಿಮ್ಮ ಸ್ವರ್ಗದಲ್ಲಿ?”

“ಹೌದತ್ತೆ. ನಿಮ್ಗೂ ಒಂದು ತಟ್ಟೆ ಇಟ್ಟಿರ್ತಾರೆ, ಹೆದ್ರಬೇಡಿ.”

ವರ್ನಾಳ ಗಂಡ ಎಲ್ಜಿ ಯಾವ ಸಭೆಗೂ ಸೇರಿದವನಲ್ಲ. ದೀಕ್ಷಾಸ್ನಾನ ಆಗಿರಲಿಲ್ಲ, ಬೈಗುಳವಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ, ಭಾನುವಾರ ಬಂದರೆ ಗಾಳ ಹಿಡಿದು ಹೊಳೆಗೆ ಹೊರಡುತ್ತಿದ್ದ. ಅವನು ದುಡಿಯುತ್ತಿದ್ದ ಗಣಿಯಲ್ಲಿ ಹೆಸ್ಸಿಯ ಮಗ ಡಾರೆಲ್ ಮೇಸ್ತ್ರಿ. ಆಧಾರದ ಕಂಬ ಕೊಡದ ಚಾವಣಿಯಡಿಗೆ, “ಹೋಗೋ, ಏನಾಗಲ್ಲ” ಎಂದು ಎಲ್ಜಿಯನ್ನು ಕಳಿಸಿದವನು ಅವನೇ. ಚಾವಣಿ ಕುಸಿದು ಎಲ್ಜಿ ಸತ್ತ. ಆಮೇಲೆ ಡಾರೆಲ್ ಒಂದು ದಿನವೂ ವರ್ನಾಳ ಮನೆ ಮೆಟ್ಟಿಲು ಹತ್ತಿ ತಪ್ಪಾಯಿತು ಎನ್ನಲಿಲ್ಲ.

ಅಂದಿನಿಂದ ವರ್ನಾ ಒಂದು ಕಳ್ಳತನ ಮಾಡುತ್ತ ಬಂದಳು. ಸಭೆಯಲ್ಲಿ ಎಲ್ಲರ ಜೊತೆ ಹಾಡಿದಳು, ವರ್ಷಕ್ಕೊಮ್ಮೆ ಪದ್ಧತಿಯಂತೆ ಸಭೆಯ ಸೋದರಿಯರ ಕಾಲು ತೊಳೆದು ಅತ್ತಳು. ಆದರೆ ಮನಸ್ಸಿನ ಮೂಲೆಯಲ್ಲಿ ಡಾರೆಲ್ ಒಬ್ಬನಿಗಷ್ಟೇ ಸಾಲುವಷ್ಟು ನರಕ ಉಳಿಸಿಕೊಂಡಿದ್ದಳು. ಸಂಜೆ ಊಟಕ್ಕೆ ಕೂತಾಗ ಎಲ್ಜಿಯ ಖಾಲಿ ಕುರ್ಚಿಗೆ, “ಅವ್ನಿಗೆ ಕಾದಿದೆ ಬಿಡು” ಎಂದು ಹೇಳಿಯೇ ಜೋಳದ ರೊಟ್ಟಿ ಮುರಿಯುತ್ತಿದ್ದಳು. ಪಾಪ, ಆ ಮಾತಿಲ್ಲದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಡಾರೆಲ್ ಸತ್ತ. ಎದೆ ತುಂಬ ಗಣಿಯ ದೂಳು, ಸಾಲದ್ದಕ್ಕೆ ಕುಡಿತ. ಮಣ್ಣು ಮಾಡಿ ವಾರವಾಗಿರಲಿಲ್ಲ, ಹೆಸ್ಸಿ ವರ್ನಾಳ ಜಗಲಿ ಹತ್ತಿ ಬಂದಳು. ವರ್ನಾ ಚಳಿಗಾಲಕ್ಕೆ ಒಣಗಿಸಲೆಂದು ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸುತ್ತಿದ್ದಳು. ಮುದುಕಿ ಕರೆಯದೆಯೇ ಕೂತು ತಾನೂ ಒಂದು ಸೂಜಿ ಎತ್ತಿಕೊಂಡಳು.

“ನಮ್ಮ ಪಾದ್ರಿ ಪೆಟ್ಗೆ ಪಕ್ಕದಲ್ಲೇ ನಿಂತ್ಕೊಂಡು ಹೇಳ್ಬಿಟ್ಟ ಕಣೇ, ‘ನೋಡ್ಕೊಳ್ಳಿ, ಇವ್ನು ಈಗ ಉರೀತಿದಾನೆ’ ಅಂತ. ಹುಡುಗ್ರಿಗೆ ಬುದ್ಧಿ ಬರ್ಲಿ ಅಂತ ಹೇಳಿದ್ದಂತೆ.” ಸೂಜಿ ಕಾಯಿಗೆ ಸಿಗದೆ ಅವಳ ಬೆರಳಿಗೇ ಚುಚ್ಚುತ್ತಿತ್ತು. “ನಿಮ್ಮೋರು ಹೇಳೋದು ನಿಜಾನಾ ವರ್ನಾ? ನನ್ ಮಗನ ಹೆಸ್ರು ಹಿಡ್ದು ಹೇಳು. ಬೇರೆ ಯಾರು ಹೇಳಿದ್ರೂ ನಂಗೆ ನಂಬ್ಕೆ ಬರಲ್ಲ. ನೀನು ಹೇಳಿದ್ರೆ ಬರುತ್ತೆ.”

ವರ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ಇಲ್ಲ ಎಂದುಬಿಡುವುದು ಎಷ್ಟು ಸುಲಭ, ಎಷ್ಟು ರುಚಿ! ಆದರೆ ಡಾರೆಲ್‌ಗೆ ಬಾಗಿಲು ಹಾಕಿದ ಮೇಲೆ ಎಲ್ಜಿಗೆ ತೆರೆಯುವುದು ಹೇಗೆ? ಹೆಸ್ಸಿಯ ಪಾದ್ರಿಯನ್ನು ಕೇಳಿದರೆ ದೀಕ್ಷೆಯಿಲ್ಲದ ಎಲ್ಜಿಯೂ ಅಲ್ಲೇ ಉರಿಯಬೇಕು. ಎಲ್ಲರೂ ಅಂದರೆ ಎಲ್ಲರೂ. ಒಬ್ಬನನ್ನು ಬಿಟ್ಟರೂ ಅವಳ ಗಂಡನಿಗೆ ನಿಲ್ಲಲು ನೆಲವಿರಲಿಲ್ಲ.

“ಉರೀತಿಲ್ಲ ಅತ್ತೆ,” ಎಂದಳು ಕೈಯಲ್ಲಿದ್ದ ಕಾಯಿ ನೋಡುತ್ತ. “ಡಾರೆಲ್ ಮನೆ ಸೇರಿದಾನೆ.”

“ಎಲ್ಜಿ ಇರೋ ಕಡೇನೇನಾ?”

“ಇರೋದೇ ಒಂದು ಮನೆ.”

“ಎಲ್ಜಿ ಅವ್ನನ್ನ ಮಾತಾಡಿಸ್ತಾನಾ?”

ಈ ಪ್ರಶ್ನೆಯನ್ನು ವರ್ನಾ ನಿರೀಕ್ಷಿಸಿರಲಿಲ್ಲ. “ಮೊದ್ಲು ಬಾಯ್ತುಂಬ ಬೈತಾನೆ. ಆಮೇಲೆ ಮಾತಾಡಿಸ್ತಾನೆ.”

ಹೆಸ್ಸಿ ಅಳುತ್ತಲೇ ನಕ್ಕಳು. ಹಿಡಿದ ದಾರ ಮುಗಿಸಿ, ಗಂಟು ಹಾಕಿ, ಮೆಟ್ಟಿಲಿಳಿದು ಹೋದಳು. ಬಂದಾಗ ಬಾಗಿದ್ದ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು. ವರ್ನಾಳಿಗೆ ಮಾತ್ರ ಯಾವ ಸಮಾಧಾನವೂ ದಕ್ಕಲಿಲ್ಲ. ಇಷ್ಟು ವರ್ಷ ಸಾಕಿಕೊಂಡಿದ್ದ ಸಿಟ್ಟನ್ನು ಮುದುಕಿ ಒಂದು ಮಾತಿನಲ್ಲಿ ಕಿತ್ತುಕೊಂಡು ಹೋಗಿದ್ದಳು. ನರಕ ಇಲ್ಲೇ ಎಂದು ಹಿರಿಯರು ಹೇಳಿದಾಗಲೆಲ್ಲ ತಲೆಯಾಡಿಸಿದ್ದಳು. ಅದು ತನ್ನ ಜಗಲಿಗೇ ಬಂದು ಕೂರುತ್ತದೆಂದು ಎಣಿಸಿರಲಿಲ್ಲ.

ಸಂಜೆ ಊಟಕ್ಕೆ ಕೂತಳು. ರೊಟ್ಟಿ ಕೈಯಲ್ಲೇ ಉಳಿಯಿತು. ಎದುರಿನ ಕುರ್ಚಿ ಎಂದಿನ ಮಾತಿಗೆ ಕಾಯುತ್ತಿತ್ತು. ಕಡೆಗೆ ಹಲ್ಲು ಕಚ್ಚಿಕೊಂಡೇ ಹೇಳಿದಳು:

“ಎಲ್ಜಿ, ಡಾರೆಲ್ ಬಂದಿದಾನೆ. ಸ್ವಲ್ಪ ಸರ್ಕೊಂಡು ಜಾಗ ಕೊಡು.”

ಆಮೇಲೆ ರೊಟ್ಟಿಯನ್ನು ಮುರಿಯದೆ ಮುಚ್ಚಿಟ್ಟು ಎದ್ದಳು.